ಅಳೆದು ತೂಗಿದರೂ ತಪ್ಪುವ ಲೆಕ್ಕ: ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಕಾಲೇಜು ಹುಡುಗರನ್ನು ಆರಿಸುವ ಬಗೆ

ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್, ಅದರ ತಂಡಗಳು ಕಾಲೇಜು ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವುದೇ ಡ್ರಾಫ್ಟ್. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡಕ್ಕೆ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 12ನೇ ಸರದಿ ಇತ್ತು. ಅಲ್ಲಿಂದ 3ನೇ ಸರದಿಗೆ ಜಿಗಿಯಲು ಅದು ಮಯಾಮಿ ತಂಡಕ್ಕೆ ಏನೇನು ಕೊಟ್ಟಿತು ನೋಡಿ. ತನ್ನ 12ನೇ ಸರದಿ, 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳು, ಸಾಲದ್ದಕ್ಕೆ ಮೂರನೇ ಸುತ್ತಿನದು ಇನ್ನೊಂದು. ಇಷ್ಟೆಲ್ಲ ಸುರಿದು ತಂದದ್ದು ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವನನ್ನು. ಮರುವರ್ಷ ಇದೇ ತಂಡ ಡ್ರಾಫ್ಟ್‌ನ ಕಟ್ಟಕಡೆಯ, ಅಂದರೆ 262ನೇ ಸರದಿಯಲ್ಲಿ ಬ್ರಾಕ್ ಪರ್ಡಿ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡಿತು. ಕೊನೆಯ ಸರದಿಯವನನ್ನು ಅಮೆರಿಕದವರು 'ಮಿಸ್ಟರ್ ಇರ್ರೆಲೆವೆಂಟ್' ಅಂತ ಕರೆದು ತಮಾಷೆ ಮಾಡುತ್ತಾರೆ. ಲೆಕ್ಕಕ್ಕಿಲ್ಲದವನು ಅಂತ. 2023ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ನನ್ನು ಡಲ್ಲಾಸ್‌ಗೆ ಸಾಗಹಾಕಿದಾಗ ಬದಲಿಗೆ ಸಿಕ್ಕಿದ್ದು ನಾಲ್ಕನೇ ಸುತ್ತಿನ ಒಂದೇ ಒಂದು ಸರದಿ. 2024ರ ಫೆಬ್ರವರಿಯಲ್ಲಿ ಪರ್ಡಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಆಡುತ್ತಿದ್ದ.

ಇಬ್ಬರನ್ನೂ ಆರಿಸಿದ್ದು ಅದೇ ಜನರಲ್ ಮ್ಯಾನೇಜರ್ ಜಾನ್ ಲಿಂಚ್, ಅದೇ ಕೋಚ್ ಕೈಲ್ ಶಾನಹನ್. ಹಾಗಾದರೆ ಇವರಿಗೆ ಆಟಗಾರರನ್ನು ಗುರುತಿಸಲು ಬರುತ್ತದೋ ಇಲ್ಲವೋ? ಬರುತ್ತದೆ ಅಂತಲೇ ನನ್ನ ಅನಿಸಿಕೆ. ಆದರೆ 32 ತಂಡಗಳಿಗೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತದೆ. ಅದರಾಚೆಗಿನದ್ದು ಎಷ್ಟು ಸಲ ಕೈ ಹಾಕುತ್ತೀರಿ, ಹುಡುಗ ಹೋಗಿ ಸೇರುವ ಜಾಗ ಎಂಥದ್ದು ಅನ್ನುವುದರ ಮೇಲೆ ನಿಂತಿದೆ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಈ ಅಳೆಯುವ ಕೆಲಸದ ಒಳಗೆ ಸ್ವಲ್ಪ ಹೋಗಬೇಕು.

ಮೊದಲು ಡ್ರಾಫ್ಟ್ ಅಂದರೇನು ಅಂತ ನೋಡೋಣ. ಐಪಿಎಲ್ ಹರಾಜಿನಲ್ಲಿ ಯಾರ ಕೈಯಲ್ಲಿ ದುಡ್ಡು ಉಳಿದಿದೆಯೋ ಅವರು ಕೂಗಿ ಆಟಗಾರನನ್ನು ಕೊಳ್ಳುತ್ತಾರೆ. ಇಲ್ಲಿ ಕೂಗುವ ಹಾಗಿಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಹೀಗೆ ಏಳು ಸುತ್ತು, ಒಟ್ಟು 260ರ ಆಸುಪಾಸು ಹುಡುಗರು. ಸರದಿಗಳನ್ನು ತಂಡಗಳು ಅದಲುಬದಲು ಮಾಡಿಕೊಳ್ಳಬಹುದು. ಆರಿಸಿದ ತಂಡ ಬಿಟ್ಟು ಬೇರೆ ಕಡೆ ಆಡುತ್ತೇನೆ ಅನ್ನುವ ಹಾಗಿಲ್ಲ. ಹೈಸ್ಕೂಲ್ ಮುಗಿದು ಮೂರು ವರ್ಷ ಆಗಿರಬೇಕು ಅನ್ನುವುದು ಹುಡುಗರಿಗಿರುವ ಷರತ್ತು. ಕಾಲೇಜಿನಲ್ಲಿ ಆಡುವವರಲ್ಲಿ ನೂರಕ್ಕೆ ಇಬ್ಬರಿಗೂ ಈ ಬಾಗಿಲು ತೆರೆಯುವುದಿಲ್ಲ.

1936ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಆಗ ಮೊಟ್ಟಮೊದಲು ಹೆಸರು ಕೂಗಿಸಿಕೊಂಡ ಜೇ ಬರ್ವ್ಯಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಆಟವನ್ನೂ ಆಡಲಿಲ್ಲ. ಶುರುವಿನಲ್ಲೇ ಎಡವಟ್ಟು, ಅಲ್ವಾ.

ಏಪ್ರಿಲ್‌ಗೆ ಮುಂಚಿನ ಒಂದು ವರ್ಷ

ಟಿವಿಯಲ್ಲಿ ಕಾಣುವುದು ಏಪ್ರಿಲ್ ಕೊನೆಯ ಹೊತ್ತಿಗೆ ನಡೆಯುವ ಮೂರು ದಿನ ಮಾತ್ರ. ಕೆಲಸ ಶುರುವಾಗುವುದು ಅದಕ್ಕಿಂತ ಒಂದು ವರ್ಷ ಮುಂಚೆ. ಪ್ರತಿ ತಂಡಕ್ಕೂ ಪ್ರದೇಶಕ್ಕೊಬ್ಬ ಸ್ಕೌಟ್, ಅಂದರೆ ಆಟಗಾರರನ್ನು ಹುಡುಕಿ ಅಳೆಯುವವನು, ಇರುತ್ತಾನೆ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಅವನ ಮನೆ ಅಂದರೆ ಕಾರು ಮತ್ತು ಹೋಟೆಲ್ ರೂಮು. ಒಂದೊಂದೇ ಕಾಲೇಜಿಗೆ ಹೋಗಿ ಬೆಳಿಗ್ಗೆ ವಿಡಿಯೊ ನೋಡುವುದು, ಮಧ್ಯಾಹ್ನ ಅಭ್ಯಾಸ ನೋಡುವುದು, ನಡುವೆ ಸಿಕ್ಕಸಿಕ್ಕವರ ಜೊತೆ ಮಾತಾಡುವುದು. ಮುಖ್ಯ ಕೋಚ್ ತನ್ನ ಹುಡುಗನನ್ನು ಹೊಗಳದೆ ಇನ್ನೇನು ಮಾಡುತ್ತಾನೆ? ಅದಕ್ಕೇ ಅನುಭವಿ ಸ್ಕೌಟ್‌ಗಳು ಜಿಮ್ ಕೋಚ್‌ನನ್ನು, ಗಾಯಕ್ಕೆ ಪಟ್ಟಿ ಕಟ್ಟುವವರನ್ನು, ಹೆಲ್ಮೆಟ್ ಷೂ ಸಾಮಾನು ನೋಡಿಕೊಳ್ಳುವವರನ್ನು ಹುಡುಕಿ ಮಾತಿಗೆಳೆಯುತ್ತಾರೆ. ಬೆಳಿಗ್ಗೆ ಆರಕ್ಕೆ ಯಾರು ಬರುತ್ತಾರೆ, ಸೋತ ಮಾರನೆಯ ದಿನ ಯಾರ ಮುಖ ಹೇಗಿರುತ್ತದೆ ಅಂತ ಗೊತ್ತಿರುವುದು ಅವರಿಗೆ.

ಒಬ್ಬನೇ ಬರೆದ ವರದಿಯನ್ನು ಯಾರೂ ನಂಬಿ ಕೂರುವುದಿಲ್ಲ. ಆ ಭಾಗದ ಸ್ಕೌಟ್ ಬರೆದದ್ದನ್ನು ಮೇಲಿನವನೊಬ್ಬ ಹೋಗಿ ಮತ್ತೆ ನೋಡಿ ಬರುತ್ತಾನೆ. ಅವನ ಕೆಲಸ ಹೋಲಿಸುವುದು. ಟೆಕ್ಸಾಸ್‌ನ ಸ್ಕೌಟ್ ಮೆಚ್ಚಿದ ಹುಡುಗ, ಓಹಿಯೊದ ಸ್ಕೌಟ್ ಮೆಚ್ಚಿದ ಹುಡುಗ, ಇಬ್ಬರಲ್ಲಿ ಯಾರು ಮೇಲು? ಡಿಸೆಂಬರ್‌ನಲ್ಲಿ ಒಂದು ಸುತ್ತಿನ ಮೀಟಿಂಗ್, ಫೆಬ್ರವರಿಯಲ್ಲಿ ಇನ್ನೊಂದು, ಏಪ್ರಿಲ್‌ನಲ್ಲಿ ಕೊನೆಯದು. ಮಧ್ಯೆ ಅಲಬಾಮಾದ ಮೊಬೀಲ್ ಊರಿನಲ್ಲಿ ಸೀನಿಯರ್ ಬೌಲ್ ಎಂಬ ಪ್ರದರ್ಶನ ಪಂದ್ಯ, ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರ ಮೈ ಅಳೆದು ಓಡಿಸಿ ನೋಡುವ ಕಂಬೈನ್, ಮಾರ್ಚ್‌ನಲ್ಲಿ ಆಯಾ ಕಾಲೇಜಿನಲ್ಲೇ ನಡೆಯುವ ಪ್ರೊ ಡೇ. ಕೊನೆಗೆ ಗೋಡೆಯ ಮೇಲಿನ ಬೋರ್ಡಿನಲ್ಲಿ ಉಳಿಯುವುದು ನೂರು ನೂರೈವತ್ತು ಹೆಸರು. ಉಳಿದವರಲ್ಲಿ ಕೆಲವರು ಒಳ್ಳೆಯ ಆಟಗಾರರೇ, ನಮ್ಮ ಪದ್ಧತಿಗೆ ಹೊಂದುವುದಿಲ್ಲ ಅಂತ ಪಕ್ಕಕ್ಕಿಟ್ಟವರು.

ಅಳತೆಪಟ್ಟಿ

1987ರಿಂದ ಕಂಬೈನ್ ಇಂಡಿಯಾನಾಪೊಲಿಸ್‌ನಲ್ಲೇ ನಡೆಯುತ್ತಿದೆ. ವರ್ಷಕ್ಕೆ ಮುನ್ನೂರು ಚಿಲ್ಲರೆ ಹುಡುಗರಿಗೆ ಕರೆ. ಮೊದಲು ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಳತೆ. ಸ್ಕೌಟ್‌ಗಳ ಪುಸ್ತಕದಲ್ಲಿ ಎತ್ತರವನ್ನು ನಾಲ್ಕು ಅಂಕಿಯಲ್ಲಿ ಬರೆಯುತ್ತಾರೆ. 5101 ಅಂದರೆ ಐದಡಿ ಹತ್ತು ಇಂಚು, ಮೇಲೊಂದು ಇಂಚಿನ ಎಂಟನೇ ಒಂದು ಪಾಲು. ಇಂಚಿನ ಎಂಟನೇ ಪಾಲಿಗೂ ಬೆಲೆ ಇದೆ ಅಂತ ಅರ್ಥ. ಈ 5101 ಅಂಕಿ ಕೈಲರ್ ಮರ್ರಿಯದೂ ಹೌದು, ಬ್ರೈಸ್ ಯಂಗ್‌ನದೂ ಹೌದು. ಕ್ವಾರ್ಟರ್‌ಬ್ಯಾಕ್‌ಗೆ ಇದು ಕುಳ್ಳ ಅನ್ನುವ ಎತ್ತರ. ಆದರೂ 2019ರಲ್ಲಿ ಮರ್ರಿ, 2023ರಲ್ಲಿ ಯಂಗ್ ಮೊದಲ ಸರದಿಯಲ್ಲೇ ಹೋದರು.

ತೋಳಿನ ಕಥೆ ಇನ್ನೂ ಮಜವಾಗಿದೆ. ಕ್ವಾರ್ಟರ್‌ಬ್ಯಾಕ್‌ನ ಅಂಚನ್ನು ಕಾಯುವ ಟ್ಯಾಕಲ್‌ಗೆ ಕನಿಷ್ಠ 33 ಇಂಚು ತೋಳಿರಬೇಕು ಅನ್ನುವುದು ಹಳೆಯ ನಂಬಿಕೆ. ನುಗ್ಗಿ ಬರುವವನ ಎದೆಗೆ ಮೊದಲು ಯಾರ ಕೈ ತಗಲುತ್ತದೋ ಅವನ ಮಾತು ನಡೆಯುತ್ತದೆ, ಹಾಗಾಗಿ ನಂಬಿಕೆಗೆ ಆಧಾರ ಇಲ್ಲದಿಲ್ಲ. 2025ರಲ್ಲಿ ಎಲ್‌ಎಸ್‌ಯು ಕಾಲೇಜಿನ ವಿಲ್ ಕ್ಯಾಂಬೆಲ್‌ನ ತೋಳು ಕಂಬೈನ್‌ನಲ್ಲಿ 32 ಮತ್ತು 5/8 ಇಂಚು ಬಂತು. ಕೆಲವು ವಾರಗಳ ನಂತರ ಪ್ರೊ ಡೇನಲ್ಲಿ ಅಳೆದರೆ 33 ಇಂಚು. ಹುಡುಗ ಅದೇ, ತೋಳೂ ಅದೇ. ಟೇಪ್ ಹಿಡಿದವರು ಬೇರೆ, ಅಷ್ಟೆ. ವಾರಗಟ್ಟಲೆ ಇದೇ ಚರ್ಚೆ. ಕೊನೆಗೆ ನ್ಯೂ ಇಂಗ್ಲೆಂಡ್ ಅವನನ್ನು 4ನೇ ಸರದಿಯಲ್ಲಿ ತೆಗೆದುಕೊಂಡಿತು.

ಆಮೇಲೆ ಓಟ, ಜಿಗಿತ, 225 ಪೌಂಡ್, ಅಂದರೆ 102 ಕೆಜಿ ಬಾರ್ ಎತ್ತುವುದು, ಕೋನ್‌ಗಳ ಸುತ್ತ ತಿರುಗಿ ಓಡುವುದು. ಎಲ್ಲಕ್ಕಿಂತ ಹೆಸರಾದದ್ದು 40 ಗಜದ ಓಟ. ಒಂದು ಕೈ ನೆಲಕ್ಕೆ ಊರಿ ನಿಂತಿರುತ್ತಾನೆ. ಹೊರಡು ಅಂತ ಯಾರೂ ಹೇಳುವುದಿಲ್ಲ. ತನಗೆ ಬೇಕಾದಾಗ ಹೊರಡುತ್ತಾನೆ. ಅವನ ಮೈ ಮೊದಲು ಅಲುಗಿದ ಕ್ಷಣಕ್ಕೆ ಒಬ್ಬರು ಕೈಯಿಂದ ಗುಂಡಿ ಒತ್ತುತ್ತಾರೆ, ಕೊನೆಯ ಗೆರೆಯಲ್ಲಿ ಯಂತ್ರ ತಾನೇ ನಿಲ್ಲಿಸುತ್ತದೆ. ಅರ್ಧ ಕೈ, ಅರ್ಧ ಯಂತ್ರ. ಕಾಲೇಜಿನ ಪ್ರೊ ಡೇನಲ್ಲಿ ಎರಡು ಕಡೆಯೂ ಕೈಯಿಂದಲೇ ಗುಂಡಿ ಒತ್ತುವುದು, ಹಾಗಾಗಿ ಅಲ್ಲಿನ ಸಮಯ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಹೋಲಿಸುವವರು ಬಹಳ ಜನ.

ಓಟದ ಒಟ್ಟು ಸಮಯಕ್ಕಿಂತ ಅದರ ತುಂಡುಗಳು ಹೆಚ್ಚು ಹೇಳುತ್ತವೆ. 140 ಕೆಜಿ ತೂಗುವ, ಮುಂದಿನ ಸಾಲಿನಲ್ಲಿ ತಳ್ಳಾಡುವ ಲೈನ್‌ಮನ್ ಆಟದಲ್ಲಿ 40 ಗಜ ಓಡುವ ಪ್ರಸಂಗ ಬರುವುದೇ ಅಪರೂಪ. ಅವನಿಗೆ ಮೊದಲ 10 ಗಜ ಮುಖ್ಯ. ಕಾಲಿನಲ್ಲಿ ಎಷ್ಟು ಸ್ಫೋಟ ಇದೆ ಅಂತ ಅಲ್ಲಿ ಕಾಣುತ್ತದೆ. ಇನ್ನೊಂದು, ಓಟವನ್ನು ತೂಕದ ಪಕ್ಕದಲ್ಲಿಟ್ಟು ಓದಬೇಕು. 2024ರಲ್ಲಿ ಝೇವಿಯರ್ ವರ್ದಿ 4.21 ಸೆಕೆಂಡಿನಲ್ಲಿ ಓಡಿ ಕಂಬೈನ್ ದಾಖಲೆ ಮಾಡಿದ. ತೂಕ 75 ಕೆಜಿ. 2007ರಲ್ಲಿ ಕ್ಯಾಲ್ವಿನ್ ಜಾನ್ಸನ್ 4.35 ಸೆಕೆಂಡಿನಲ್ಲಿ ಓಡಿದ. ತೂಕ 108 ಕೆಜಿ, ಎತ್ತರ ಆರೂಕಾಲು ಅಡಿಗಿಂತ ಜಾಸ್ತಿ. ಈ ಎರಡರಲ್ಲಿ ಯಾವುದು ಹೆಚ್ಚು ಅಪರೂಪ ಅಂತ ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಜಾನ್ಸನ್ ಆಮೇಲೆ ಹಾಲ್ ಆಫ್ ಫೇಮ್ ಸೇರಿದ.

ವರ್ದಿಗೆ ಮುಂಚೆ ದಾಖಲೆ ಇದ್ದದ್ದು ಜಾನ್ ರಾಸ್ ಹೆಸರಲ್ಲಿ, 2017ರಲ್ಲಿ 4.22. ಸಿನ್ಸಿನಾಟಿ ಅವನನ್ನು 9ನೇ ಸರದಿಯಲ್ಲಿ ಎತ್ತಿಕೊಂಡಿತು. ಮೊದಲ ವರ್ಷ ಒಂದು ಕ್ಯಾಚೂ ಹಿಡಿಯಲಿಲ್ಲ. ಗಾಯಗಳ ಸಾಲು, ಕೈಜಾರಿದ ಚೆಂಡುಗಳು, ಹಾಗೇ ಮುಗಿಯಿತು. ಅವನ ನಂತರದ, ಅಂದರೆ 10ನೇ ಸರದಿಯಲ್ಲಿ ಹೋದವನು ಮುಂದೆ ಲೀಗ್‌ನ ದೊಡ್ಡ ತಾರೆಯಾದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್.

2008ರಲ್ಲಿ ವರ್ನನ್ ಗೋಲ್‌ಸ್ಟನ್ ಅಂತ ಒಬ್ಬನಿದ್ದ. ಶಿಲೆಯಲ್ಲಿ ಕಡೆದಂಥ ಮೈ, ಬಾರ್ ಎತ್ತಿದ್ದು 37 ಸಲ. ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದೇ ಅವನ ಕೆಲಸ. ನ್ಯೂಯಾರ್ಕ್ ಜೆಟ್ಸ್ 6ನೇ ಸರದಿಯಲ್ಲಿ ತಂದಿತು. ಮೂರು ವರ್ಷದಲ್ಲಿ ಅವನು ಕೆಡವಿದ್ದು ಸೊನ್ನೆ. ಅತ್ತ 2000ದಲ್ಲಿ ಟಾಮ್ ಬ್ರೇಡಿ 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡ. ಹೋದದ್ದು ಆರನೇ ಸುತ್ತಿನ 199ನೇ ಸರದಿಯಲ್ಲಿ, ಗೆದ್ದದ್ದು ಏಳು ಸೂಪರ್ ಬೌಲ್.

ಇಂಥ ಕಥೆ ಕೇಳಿ ಕಂಬೈನ್ ಸುಮ್ನೆ ಟಿವಿ ತಮಾಷೆ ಅಂದುಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. 2014ರಲ್ಲಿ ಆರನ್ ಡೊನಾಲ್ಡ್‌ನನ್ನು ಒಳಗಿನ ಲೈನ್‌ಗೆ ಚಿಕ್ಕವನಾದ ಅಂತ ಎಷ್ಟೋ ಜನ ಕೈಬಿಟ್ಟಿದ್ದರು. ಅವನು 129 ಕೆಜಿ ಮೈ ಹೊತ್ತು 4.68 ಸೆಕೆಂಡಿನಲ್ಲಿ ಓಡಿದ. ಕಾಲೇಜಿನ ವಿಡಿಯೊದಲ್ಲಿ ಕಂಡ ಚುರುಕು ನಿಜ ಅಂತ ಗಡಿಯಾರ ಸಾಕ್ಷಿ ಹೇಳಿತು. 13ನೇ ಸರದಿಯಲ್ಲಿ ಅವನನ್ನು ಪಡೆದ ರ್‍ಯಾಮ್ಸ್ ತಂಡಕ್ಕೆ ಮೂರು ಸಲ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾದ. ಅಂಕಿಗಳು ಕೆಲಸಕ್ಕೆ ಬರುವುದು ಹೀಗೆ. ವಿಡಿಯೊ ಒಂದು ಹೇಳಿ ಗಡಿಯಾರ ಇನ್ನೊಂದು ಹೇಳಿದರೆ ವಿಡಿಯೊವನ್ನು ಮತ್ತೊಮ್ಮೆ ನೋಡಬೇಕು. ಎಷ್ಟೋ ತಂಡಗಳು ಮಾಡುವ ತಪ್ಪು, ಗಡಿಯಾರ ನೋಡಿದ ಮೇಲೆ ವಿಡಿಯೊದಲ್ಲೂ ಅದನ್ನೇ ಕಾಣಲು ಶುರು ಮಾಡುವುದು.

ಟಿವಿಯವರು ತೋರಿಸದ ಭಾಗ ವೈದ್ಯರದು. ತಂಡಗಳಿಗೆ ಕಂಬೈನ್ ಬೇಕಿರುವುದೇ ಮುಖ್ಯವಾಗಿ ಇದಕ್ಕೆ. 32 ತಂಡಗಳ ವೈದ್ಯರು ಒಬ್ಬೊಬ್ಬ ಹುಡುಗನ ಮೊಣಕಾಲು, ಭುಜ, ಬೆನ್ನನ್ನು ಹಿಡಿದು ತಿರುಗಿಸಿ ನೋಡುತ್ತಾರೆ. 2016ರ ಜನವರಿ 1ರಂದು ನೋಟರ್ ಡೇಮ್‌ನ ಜೇಲನ್ ಸ್ಮಿತ್ ಕಾಲೇಜಿನ ಕೊನೆಯ ಆಟದಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ. ನರಕ್ಕೂ ಪೆಟ್ಟು. ಅಲ್ಲಿಯವರೆಗೆ ಅವನು ಮೊದಲ ಐದರೊಳಗಿನ ಹುಡುಗ ಅನ್ನುವ ಮಾತಿತ್ತು. ಡಲ್ಲಾಸ್ ಕೌಬಾಯ್ಸ್ ಅವನನ್ನು 34ನೇ ಸರದಿಯಲ್ಲಿ ತೆಗೆದುಕೊಂಡಿತು. ಅವನಿಗೆ ಶಸ್ತ್ರಚಿಕಿತ್ಸೆ ಮಾಡಿದವರು ಕೌಬಾಯ್ಸ್‌ನ ತಂಡದ ವೈದ್ಯರೇ! ಮೊದಲ ವರ್ಷ ಪೂರ್ತಿ ಕೂತ, 2019ರ ಋತುವಿನಲ್ಲಿ ಪ್ರೊ ಬೌಲ್ ಎಂಬ ತಾರೆಗಳ ಪಂದ್ಯಕ್ಕೆ ಆಯ್ಕೆಯಾದ. ಉಳಿದವರಿಗೆ ಗೊತ್ತಿಲ್ಲದ್ದು ಒಂದು ತಂಡಕ್ಕೆ ನಿಜಕ್ಕೂ ಗೊತ್ತಿದ್ದ ಅಪರೂಪದ ಪ್ರಸಂಗ ಇದು.

ಸಂದರ್ಶನಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಒಂದು ತಂಡ 45 ಹುಡುಗರನ್ನು ತಲಾ ಇಪ್ಪತ್ತು ನಿಮಿಷದ ಆಸುಪಾಸು ಮಾತಾಡಿಸಬಹುದು. ಏಜೆಂಟರು ತಿಂಗಳುಗಟ್ಟಲೆ ಉತ್ತರ ಬಾಯಿಪಾಠ ಮಾಡಿಸಿ ಕಳಿಸಿರುತ್ತಾರೆ. 12 ನಿಮಿಷದಲ್ಲಿ 50 ಪ್ರಶ್ನೆ ಉತ್ತರಿಸುವ ವಂಡರ್ಲಿಕ್ ಪರೀಕ್ಷೆಯನ್ನು 2022ರಲ್ಲಿ ಕೈಬಿಟ್ಟರು, ಒಳ್ಳೆಯದಾಯಿತು. ಹುಡುಗನ ತಾಯಿಯ ಬಗ್ಗೆ, ಅವನಿಗೆ ಹುಡುಗರು ಇಷ್ಟವೋ ಹುಡುಗಿಯರೋ ಅನ್ನುವುದರ ಬಗ್ಗೆ ಕೇಳಬಾರದ್ದು ಕೇಳಿ, ಆಮೇಲೆ ತಂಡದವರು ಕ್ಷಮೆ ಕೇಳಿದ ಪ್ರಸಂಗಗಳೂ ಆಗಿವೆ. ಈ ಕೋಣೆಯಲ್ಲಿ ಉಪಯೋಗಕ್ಕೆ ಬರುವುದು ಬಿಳಿ ಹಲಗೆ ಒಂದೇ. ಒಂದು ಆಟದ ನಕ್ಷೆ ಬರೆದು ತೋರಿಸಿ, ಬೇರೆ ವಿಷಯ ಮಾತಾಡಿ, ಹತ್ತು ನಿಮಿಷದ ಮೇಲೆ ಆ ನಕ್ಷೆಯನ್ನು ನೀನೇ ಬರಿ ಅನ್ನುತ್ತಾರೆ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ.

ಕಾಲೇಜಿನ ಆಟವೇ ಬೇರೆ

ಎಲ್ಲರೂ ಕೊನೆಗೆ ಮರಳುವುದು ವಿಡಿಯೊಗೆ. ಸ್ಕೌಟ್‌ಗಳು 'ಟೇಪ್' ಅನ್ನುತ್ತಾರೆ. ನಾವು ಟಿವಿಯಲ್ಲಿ ನೋಡುವಾಗ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಅವರು ನೋಡುವುದು ಎತ್ತರದಿಂದ ತೆಗೆದ, 22 ಜನರೂ ಕಾಣುವ ಚಿತ್ರ. ಚೆಂಡು ಬರದೇ ಹೋದ ರಿಸೀವರ್, ಅಂದರೆ ಪಾಸ್ ಹಿಡಿಯಬೇಕಾದವನು, ಆ ಹೊತ್ತಿಗೆ ಏನು ಮಾಡುತ್ತಿದ್ದ? ತನ್ನ ಕಡೆಗೆ ಆಟ ಇಲ್ಲ ಅಂತ ಗೊತ್ತಾದ ಮೇಲೂ ಓಡಿದನೋ, ನಿಂತನೋ? ಇದು ಅಲ್ಲಿ ಮಾತ್ರ ಕಾಣುತ್ತದೆ.

ಆಟದ ಒಂದು ಪ್ರಯತ್ನವನ್ನು ಹತ್ತಿರದಿಂದ ನೋಡೋಣ. ಮುಂದೆ ಸಾಗಲು ಮೂರನೇ ಪ್ರಯತ್ನ, ಇನ್ನೂ ಎಂಟು ಗಜ ಬೇಕು. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಹಿಂದೆ ಸರಿಯುತ್ತಾನೆ. ಅವನು ಮೊದಲು ನೋಡಿದ ರಿಸೀವರ್‌ಗೆ ದಾರಿ ಇಲ್ಲ. ಈಗ ಸ್ಕೌಟ್ ವಿಡಿಯೊ ನಿಲ್ಲಿಸಿ ಹಿಂದಕ್ಕೆ ಎಳೆದು ಮತ್ತೆ ನೋಡುತ್ತಾನೆ. ನೋಡುವುದು ಕೈಯನ್ನಲ್ಲ, ಪಾದವನ್ನು. ಕಣ್ಣು ಎರಡನೆಯ ರಿಸೀವರ್ ಕಡೆ ಹೊರಳಿದಾಗ ಪಾದವೂ ಜೊತೆಗೆ ಹೊರಳಿತೋ? ಪಕ್ಕದಿಂದ ಒಬ್ಬ ನುಗ್ಗಿ ಬಂದಾಗ ಅರ್ಧ ಹೆಜ್ಜೆ ಮುಂದೆ ಸರಿದು ಎಸೆದನೋ, ಚೆಂಡನ್ನು ಎದೆಗೆ ಅಪ್ಪಿಕೊಂಡು ಓಡಿದನೋ? ಆ ಪಾಸ್ ಪೂರ್ತಿಯಾಯಿತೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಸರಿಯಾದ ಕಡೆ ಸರಿಯಾದ ಹೊತ್ತಿಗೆ ಎಸೆದ ಚೆಂಡನ್ನು ರಿಸೀವರ್ ಕೈಚೆಲ್ಲಿದರೆ ಅಂಕಿಅಂಶದಲ್ಲಿ ಅದು ತಪ್ಪಿದ ಪಾಸ್, ಸ್ಕೌಟ್‌ನ ಪುಸ್ತಕದಲ್ಲಿ ಒಳ್ಳೆಯ ಪಾಸ್.

ಇಷ್ಟಾದರೂ ಒಂದು ದೊಡ್ಡ ತೊಡಕು ಉಳಿಯುತ್ತದೆ. ನೋಡುತ್ತಿರುವ ಆಟ ಒಂದು, ಊಹಿಸಬೇಕಾದ ಆಟ ಇನ್ನೊಂದು. ಮೈದಾನದ ಅಗಲ ಎರಡಕ್ಕೂ 160 ಅಡಿಯೇ. ಆದರೆ ಪ್ರತಿ ಪ್ರಯತ್ನದ ಮುಂಚೆ ಚೆಂಡು ಇಡುವ ಹ್ಯಾಶ್ ಗೆರೆಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಕಾಲೇಜಿನಲ್ಲಿ ಚೆಂಡು ಒಂದು ಗೆರೆಯ ಮೇಲಿದ್ದರೆ ಇನ್ನೊಂದು ಬದಿಗೆ 100 ಅಡಿ ಬಯಲು ಸಿಗುತ್ತದೆ. ಎನ್‌ಎಫ್‌ಎಲ್‌ನಲ್ಲಿ 90 ಅಡಿಯೂ ಸಿಗುವುದಿಲ್ಲ. ಆಟಗಾರರನ್ನು ಹರಡಿ ನಿಲ್ಲಿಸಿ ಖಾಲಿ ಜಾಗಕ್ಕೆ ಚೆಂಡು ಎಸೆಯುವ ಕಾಲೇಜು ಪದ್ಧತಿಗಳಿಗೆ ಈ ಬಯಲೇ ಬಂಡವಾಳ. ಪಾಸ್ ಆಗುವ ಹೊತ್ತಿಗೆ ಲೈನ್‌ಮನ್ ಕಾಲೇಜಿನಲ್ಲಿ ಮೂರು ಗಜ ಮುಂದೆ ಹೋಗಿರಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಕಾಲೇಜಿನಲ್ಲಿ ಒಂದು ಪಾದ ಗೆರೆಯೊಳಗೆ ಊರಿದರೆ ಕ್ಯಾಚ್ ಸರಿ, ಇಲ್ಲಿ ಎರಡೂ ಪಾದ ಊರಬೇಕು. ಕಾಲೇಜಿನಲ್ಲಿ ಅಂಚಿನಲ್ಲಿ ಅದ್ಭುತ ಕ್ಯಾಚ್ ಹಿಡಿದವನ ಎಷ್ಟು ಕ್ಯಾಚ್ ಇಲ್ಲಿ ಸಲ್ಲುತ್ತದೆ ಅಂತ ಸ್ಕೌಟ್ ಒಂದೊಂದಾಗಿ ಎಣಿಸುತ್ತಾನೆ.

ಎದುರಾಳಿ ಯಾರು ಅನ್ನುವುದೂ ಇದೆ. ಕಾಲೇಜು ಆಟ ನಡೆಯುವ ಶನಿವಾರ ಎದುರಿಗೆ ನಿಂತ ರಕ್ಷಕನಿಗೆ ಮುಂದಿನ ವರ್ಷ ಇನ್ಶೂರೆನ್ಸ್ ಮಾರುವ ಕೆಲಸ ಕಾದಿರಬಹುದು. ಅಂಥವನನ್ನು ದಾಟಿ ಹೋದರೆ ಏನು ಸಾಬೀತಾಯಿತು? ರಿಸೀವರ್ ಕೂಪರ್ ಕಪ್ ಈಸ್ಟರ್ನ್ ವಾಷಿಂಗ್ಟನ್ ಎಂಬ ಸಣ್ಣ ಮಟ್ಟದ ಕಾಲೇಜಿನಲ್ಲಿ ಗುಡ್ಡೆ ಹಾಕಿದ ಗಜಗಳನ್ನು ಇದೇ ಕಾರಣಕ್ಕೆ ಯಾರೂ ನಂಬಲಿಲ್ಲ. ಓಟವೂ 4.62, ನಿಧಾನ. 69ನೇ ಸರದಿಯಲ್ಲಿ ಹೋದ. 2021ರ ಋತುವಿನಲ್ಲಿ ಕ್ಯಾಚು, ಗಜ, ಅಂಕ ತರುವ ಟಚ್‌ಡೌನ್ ಮೂರರಲ್ಲೂ ಇಡೀ ಲೀಗ್‌ಗೆ ಮೊದಲಿಗನಾಗಿ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನೂ ಆದ.

ಕ್ವಾರ್ಟರ್‌ಬ್ಯಾಕ್ ಎಂಬ ಒಗಟು

ಎಲ್ಲ ಜಾಗಗಳಿಗೂ ಊಹೆ ಕಷ್ಟ, ಕ್ವಾರ್ಟರ್‌ಬ್ಯಾಕ್‌ಗೆ ಮಾತ್ರ ವಿಪರೀತ ಕಷ್ಟ. 2017ರ ಡ್ರಾಫ್ಟ್ ತೆಗೆದುಕೊಳ್ಳಿ. ಶಿಕಾಗೊ ಬೇರ್ಸ್ ಮೂರನೇ ಸರದಿಯಿಂದ ಎರಡನೆಯದಕ್ಕೆ ಒಂದೇ ಒಂದು ಮೆಟ್ಟಿಲು ಹತ್ತಲು ಹೆಚ್ಚುವರಿ ಸರದಿಗಳನ್ನು ತೆತ್ತು ಮಿಚ್ ಟ್ರುಬಿಸ್ಕಿಯನ್ನು ಆರಿಸಿತು. ನಾರ್ತ್ ಕ್ಯಾರೊಲಿನಾದಲ್ಲಿ ಅವನು ಆರಂಭದಿಂದ ಆಡಿದ್ದು 13 ಆಟ. ಅಷ್ಟು ಆಟದಲ್ಲಿ ಅವನ ಪಾಸ್‌ಗಳು ಚೊಕ್ಕವಾಗಿದ್ದವು, ಎತ್ತರ ಸರಿ ಇತ್ತು, ಎಲ್ಲೂ ಕೈತೋರಿಸುವ ಹಾಗಿರಲಿಲ್ಲ. ತಪ್ಪು ಕಾಣಲಿಲ್ಲ ಅನ್ನುವುದಕ್ಕೂ ತಪ್ಪು ಕಾಣುವಷ್ಟು ಆಡಲೇ ಇಲ್ಲ ಅನ್ನುವುದಕ್ಕೂ ಬಹಳ ದೂರ ಇದೆ.

ಮಹೋಮ್ಸ್‌ನದು ತದ್ವಿರುದ್ಧ. ಟೆಕ್ಸಾಸ್ ಟೆಕ್‌ನಲ್ಲಿ ಅವನ ತಪ್ಪುಗಳು ಎದ್ದು ಕಾಣುತ್ತಿದ್ದವು. ಕಾಲು ಎಲ್ಲೋ, ಕೈ ಎಲ್ಲೋ. 2016ರಲ್ಲಿ ಓಕ್ಲಹೋಮಾ ವಿರುದ್ಧ 734 ಗಜ ಪಾಸ್ ಎಸೆದ. ಆದರೂ ಅವನ ತಂಡ 66-59ಕ್ಕೆ ಸೋತಿತು. ಇಂಥ ಅಂಕಿ ನೋಡಿ ಸ್ಕೌಟ್‌ಗಳು ಮೆಚ್ಚುವ ಬದಲು ಅನುಮಾನಪಟ್ಟರು. ಆ ಕಾಲೇಜಿನ 'ಏರ್ ರೇಡ್' ಪದ್ಧತಿಯಲ್ಲಿ ಯಾರು ಎಸೆದರೂ ಗಜ ಬರುತ್ತದೆ, ಹಿಂದೆ ಅಲ್ಲಿಂದ ಬಂದವರು ಎನ್‌ಎಫ್‌ಎಲ್‌ನಲ್ಲಿ ನಿಲ್ಲಲಿಲ್ಲ ಅನ್ನುವುದು ಅವರ ವಾದ. ಆ ವಾದ ಪೂರ್ತಿ ತಪ್ಪೇನಲ್ಲ. ಕ್ಯಾನ್ಸಸ್ ಸಿಟಿ 27ನೇ ಸರದಿಯಿಂದ 10ಕ್ಕೆ ಏರಿ ಅವನನ್ನು ತಂದಿತು. ತಂದವರು ಆ ವರ್ಷ ಆಡಿಸಲಿಲ್ಲ. ಹಳೆಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿ, ಕೋಚ್ ಆ್ಯಂಡಿ ರೀಡ್ ಕೈಯಲ್ಲಿ ಪಾಠ ಹೇಳಿಸಿ, ಕೊನೆಯ ವಾರ ಒಂದು ಆಟ ಕೊಟ್ಟರು. ಟ್ರುಬಿಸ್ಕಿ ಮೊದಲ ವರ್ಷವೇ, ನಾಲ್ಕು ವಾರ ಕಳೆಯುತ್ತಿದ್ದಂತೆ ಮೈದಾನದಲ್ಲಿದ್ದ. ಮಹೋಮ್ಸ್ ಶಿಕಾಗೊಗೆ ಹೋಗಿದ್ದರೆ ಇದೇ ಮಹೋಮ್ಸ್ ಆಗುತ್ತಿದ್ದನೇ? ಯಾವ ಸ್ಕೌಟ್ ವರದಿಯಲ್ಲೂ ಈ ಪ್ರಶ್ನೆಗೆ ಕಾಲಂ ಇರುವುದಿಲ್ಲ.

ಜಾಶ್ ಅಲೆನ್ ನನಗೆ ಇನ್ನೂ ಇಷ್ಟದ ಉದಾಹರಣೆ. ವಯೊಮಿಂಗ್‌ನಲ್ಲಿ ಅವನು ಎಸೆದ ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 56. ಗುರಿ ಕಲಿಸಿ ಬರುವಂಥದ್ದಲ್ಲ ಅನ್ನುವುದು ಈ ದಂಧೆಯ ಹಳೆಯ ಮಾತು, ಅಂಕಿಅಂಶದವರೂ ಅದನ್ನೇ ಹೇಳುತ್ತಿದ್ದರು. ಬಫಲೊ 2018ರಲ್ಲಿ ಅವನನ್ನು 7ನೇ ಸರದಿಯಲ್ಲಿ ತಂದಿತು. ಮೊದಲ ವರ್ಷ ನೂರಕ್ಕೆ 53. ನೋಡಿ, ನಾವು ಹೇಳಲಿಲ್ಲವೇ ಅಂದರು. 2020ರಲ್ಲಿ ನೂರಕ್ಕೆ 69. 2024ರ ಋತುವಿನಲ್ಲಿ ಲೀಗ್‌ನ ಶ್ರೇಷ್ಠ ಆಟಗಾರ. ಹಾಗಂತ ನೂರಕ್ಕೆ 56ರವರನ್ನೆಲ್ಲ ಮೊದಲ ಸುತ್ತಿನಲ್ಲಿ ತರಬೇಕೇ? ಖಂಡಿತ ಬೇಡ. ಅಲೆನ್ ಹಾಗೆ ತಿದ್ದಿಕೊಂಡವರು ಬೆರಳೆಣಿಕೆ. ಆದರೆ ಅವನಾದ ಮೇಲೆ 'ಇವನು ಮುಂದಿನ ಅಲೆನ್' ಅಂತ ಒಂದು ಹೆಸರು ಪ್ರತಿ ಏಪ್ರಿಲ್‌ನಲ್ಲೂ ಹುಟ್ಟುತ್ತದೆ.

ಲ್ಯಾನ್ಸ್ ಮೇಲೆ ಫಾರ್ಟಿನೈನರ್ಸ್ ಕಟ್ಟಿದ ಬಾಜಿಯೂ ಇದೇ ಜಾತಿಯದು. 2019ರಲ್ಲಿ ನಾರ್ತ್ ಡಕೋಟ ಸ್ಟೇಟ್‌ನಲ್ಲಿ ಅವನು 28 ಟಚ್‌ಡೌನ್ ಪಾಸ್ ಎಸೆದ, ಆ ವರ್ಷ ಅವನ ಒಂದು ಪಾಸನ್ನೂ ಎದುರಾಳಿ ಹಿಡಿಯಲಿಲ್ಲ. 2020ರಲ್ಲಿ ಕೋವಿಡ್‌ನಿಂದ ಆಡಿದ್ದು ಒಂದೇ ಆಟ. ಆರಂಭದಿಂದ ಆಡಿದ್ದು ಒಟ್ಟು 17 ಆಟ, ಅದೂ ಕೆಳಗಿನ ಮಟ್ಟದಲ್ಲಿ. ಪರ್ಡಿ ಐಯೊವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ. ಮೈಕಟ್ಟು ಸಾಧಾರಣ, ತೋಳಿನ ಬಲ ಸಾಧಾರಣ. ಒಂದು ಕಡೆ ಬರೀ ಸಾಧ್ಯತೆ, ಇನ್ನೊಂದು ಕಡೆ ನಾಲ್ಕು ವರ್ಷದ ಪುರಾವೆ. ಡ್ರಾಫ್ಟ್ ಸಂತೆಯಲ್ಲಿ ಸಾಧ್ಯತೆಗೆ ಯಾವತ್ತೂ ಬೆಲೆ ಜಾಸ್ತಿ.

ಮಾತು ದುಡ್ಡಿನದು

ಆ ಬೆಲೆ ಯಾಕೆ ಅಂತ ತಿಳಿಯಲು ಸಂಬಳದ ಲೆಕ್ಕ ನೋಡಬೇಕು. 2010ರಲ್ಲಿ ಮೊದಲ ಸರದಿಯ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಆಯಿತು, ಅದರಲ್ಲಿ 5 ಕೋಟಿ ಖಾತ್ರಿ. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂತು. ಆ ವರ್ಷದ ಮೊದಲ ಸರದಿಯ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಒಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಹೊಸಬನಾಗಿರುವಷ್ಟು ಕಾಲ ತಂಡಕ್ಕೆ ಅಗ್ಗ. ಉಳಿದ ದುಡ್ಡಿನಲ್ಲಿ ಬೇರೆ ಆಟಗಾರರನ್ನು ಕೊಳ್ಳಬಹುದು. 2023ರಲ್ಲಿ ಪರ್ಡಿಯ ಸಂಬಳ 8.7 ಲಕ್ಷ ಡಾಲರ್. 2025ರಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ಗೆ ಸಹಿ ಹಾಕಿದ. ಈ ಎರಡು ಅಂಕಿಗಳ ನಡುವಿನ ಅಂತರಕ್ಕಾಗಿಯೇ ಇಷ್ಟೆಲ್ಲ ಜೂಜು. ದುಬಾರಿ ಜಾಗಗಳಾದ ಕ್ವಾರ್ಟರ್‌ಬ್ಯಾಕ್, ಟ್ಯಾಕಲ್, ಅಂಚಿನಿಂದ ನುಗ್ಗುವವನು, ಪಾಸ್ ತಡೆಯುವ ಕಾರ್ನರ್‌ಬ್ಯಾಕ್ ಮೇಲಿನ ಸರದಿಯಲ್ಲಿ ಹೋಗುವುದೂ ಇದಕ್ಕೇ.

ಇಲ್ಲಿಗೆ ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಬರುತ್ತಾರೆ. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇಬ್ಬರೂ ಸೇರಿ ಹಲವು ವರ್ಷಗಳ ಡ್ರಾಫ್ಟ್ ಜಾಲಾಡಿದರು. ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆರಿಸಿದವನು, ಅವನ ನಂತರ ಆರಿಸಿದವನಿಗಿಂತ ಮೇಲಾಗುವ ಸಂಭವ ಎಷ್ಟು ಅಂತ ನೋಡಿದರು. ನೂರಕ್ಕೆ 52. ನಾಣ್ಯ ಚಿಮ್ಮಿದರೆ 50. ಹಾಗಂತ ಒಂದನೇ ಸುತ್ತಿನವನೂ ಆರನೇ ಸುತ್ತಿನವನೂ ಒಂದೇ ಅಂತಲ್ಲ. ದೊಡ್ಡ ಅಂತರದಲ್ಲಿ ನೋಡಿದರೆ ಮೇಲಿನವರು ಖಂಡಿತ ಮೇಲು. ಆದರೆ ಪಟ್ಟಿಯಲ್ಲಿ ಅಕ್ಕಪಕ್ಕ ಇರುವ ಇಬ್ಬರಲ್ಲಿ ನಮ್ಮವನೇ ಮೇಲು ಅಂತ ಎದೆ ತಟ್ಟಿ ಹೇಳಲು ಯಾರಿಗೂ ಆಗುವುದಿಲ್ಲ.

ಹಾಗಿದ್ದರೆ ಮೇಲಕ್ಕೆ ಜಿಗಿಯಲು ಎರಡು ಮೂರು ಸರದಿ ಸುರಿಯುವುದಕ್ಕಿಂತ, ಕೆಳಗಿಳಿದು ಸರದಿಗಳನ್ನು ಕೂಡಿಸಿಕೊಳ್ಳುವುದು ಮೇಲು. ಲೆಕ್ಕ ಇಷ್ಟು ಸರಳ. ಆದರೂ ತಂಡಗಳು ಮೇಲಕ್ಕೇ ಜಿಗಿಯುತ್ತವೆ. ವರ್ಷಗಟ್ಟಲೆ ಒಬ್ಬ ಹುಡುಗನ ಹಿಂದೆ ತಿರುಗಿ, ಅವನ ಅಮ್ಮನ ಜೊತೆ ಊಟ ಮಾಡಿ, ನೂರು ಪುಟ ವರದಿ ಬರೆದ ಮೇಲೆ, ನಮಗೆ ಗೊತ್ತಿದೆ ಅನ್ನುವ ಭರವಸೆ ಏರುತ್ತದೆ. ಗೊತ್ತಿರುವುದು ಅಷ್ಟೇ ಏರಿರುವುದಿಲ್ಲ. ಇನ್ನೊಂದು ಕಾರಣ, ಈ ವರ್ಷ ಸೋತರೆ ಕೆಲಸ ಹೋಗುವ ಮ್ಯಾನೇಜರ್‌ಗೆ ಮುಂದಿನ ವರ್ಷದ ಸರದಿ ಇದ್ದರೆಷ್ಟು ಬಿಟ್ಟರೆಷ್ಟು?

ಈಚೆಗೆ ಈ ಕೆಲಸಕ್ಕೆ ಹೊಸ ತಲೆನೋವು ಸೇರಿಕೊಂಡಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತು ದುಡ್ಡು ಮಾಡಬಹುದು. ಕಾಲೇಜು ಬದಲಿಸುವುದೂ ಸಲೀಸಾಗಿದೆ. ಮೂರನೇ ಸುತ್ತಿನಲ್ಲಿ ಹೋಗಬಹುದಾದ ಹುಡುಗ ಕಾಲೇಜಿನಲ್ಲೇ ಅದಕ್ಕಿಂತ ಜಾಸ್ತಿ ದುಡಿಯಬಲ್ಲ, ಹಾಗಾಗಿ ಇನ್ನೊಂದು ವರ್ಷ ಉಳಿಯುತ್ತಾನೆ. ಸ್ಕೌಟ್ ಒಬ್ಬನಿಗಾಗಿ ಎರಡು ಮೂರು ಕಾಲೇಜು ಸುತ್ತಬೇಕು. ಮೊದಲ ಕಾಲೇಜಿನ ಕೋಚ್ ಬಿಟ್ಟುಹೋದವನ ಬಗ್ಗೆ ಒಳ್ಳೆಯ ಮಾತು ಹೇಳುತ್ತಾನಾ, ನೀವೇ ಹೇಳಿ. ಜೊತೆಗೆ ವಯಸ್ಸಿನ ಲೆಕ್ಕ. 24ರ ಹುಡುಗ 19ರವರ ಮೇಲೆ ಮೆರೆದರೆ ಅದು ಪ್ರತಿಭೆಯೋ, ವಯಸ್ಸೋ? 2024ರಲ್ಲಿ ಮೊದಲ 12 ಸರದಿಯೊಳಗೆ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಅವರಲ್ಲಿ 12ನೆಯವನಾಗಿ ಡೆನ್ವರ್ ಸೇರಿದ ಬೋ ನಿಕ್ಸ್‌ಗೆ ಆಗಲೇ 24. ಆಬರ್ನ್‌ನಲ್ಲಿ ಮೂರು ವರ್ಷ, ಆರೆಗಾನ್‌ನಲ್ಲಿ ಎರಡು ವರ್ಷ, ಒಟ್ಟು 61 ಆಟ. ಬೆಳೆಯುವಷ್ಟು ಬೆಳೆದಾಗಿದೆ, ಇನ್ನೇನು ಉಳಿದಿದೆ ಅಂತ ಹಲವರು ಮೂಗು ಮುರಿದಿದ್ದರು. ಮೊದಲ ವರ್ಷವೇ ಅವನು ಡೆನ್ವರ್‌ನ್ನು ಪ್ಲೇಆಫ್‌ಗೆ ಮುಟ್ಟಿಸಿದ. 2015ರ ಋತುವಿನ ನಂತರ ಆ ತಂಡ ಅಲ್ಲಿಗೆ ಹೋಗಿರಲೇ ಇಲ್ಲ.